ಒಂಬತ್ತನೇ ತರಗತಿಯ ಪಾಠ ಮತ್ತು ಒಂದು ಹಳೆಯ ಆಟ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)

ಬಿ.ಇ. ಓದುವಾಗ ನಾನು ಕನ್ನಡ ಮಾಧ್ಯಮದಿಂದ ಬಂದವನೆಂದು ಹೇಳಿಕೊಳ್ಳಲು ಅಳುಕುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು, ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡಿದ್ದೇನೆ. ಆ ಅಳುಕು ಪೂರ್ತಿ ಹೋಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ, ಒಂದು ಆಟದಿಂದ.

ಆಟದ ಹೆಸರು ಸ್ಪೇಸ್ ಇನ್ವೇಡರ್ಸ್. 1978ರಲ್ಲಿ ಜಪಾನಿನ ಟೈಟೋ ಕಂಪನಿಯಲ್ಲಿ ತೊಮೊಹಿರೊ ನಿಶಿಕಾಡೊ ಎಂಬುವರು ಮಾಡಿದ್ದು. ನಾಣ್ಯ ಹಾಕಿ ಆಡುವ ಯಂತ್ರ. ಪರದೆಯ ಮೇಲ್ಭಾಗದಲ್ಲಿ 11ರಂತೆ 5 ಸಾಲು, ಒಟ್ಟು 55 ಅನ್ಯಗ್ರಹದ ಜೀವಿಗಳು. ಅವು ಪಕ್ಕಕ್ಕೆ ಸರಿಯುತ್ತಾ, ಅಂಚು ಮುಟ್ಟಿದಾಗ ಕೆಳಗಿಳಿಯುತ್ತವೆ. ನಾವು ಕೆಳಗಿನಿಂದ ಗುಂಡು ಹೊಡೆದು ಉರುಳಿಸಬೇಕು. ಅವು ಕಡಿಮೆಯಾದಷ್ಟೂ ಉಳಿದವುಗಳ ಓಟ ಜೋರಾಗುತ್ತದೆ.

ಇದರ ಕಾರಣ ಸ್ವಾರಸ್ಯವಾಗಿದೆ. ಆ ಯಂತ್ರದ ಇಂಟೆಲ್ 8080 ಪ್ರೊಸೆಸರ್‌ಗೆ ಶಕ್ತಿ ಕಡಿಮೆ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗುತ್ತಿತ್ತು. ಪ್ರತಿ ಸಲವೂ ಒಂದೇ ಒಂದು ಜೀವಿ ಹೆಜ್ಜೆ ಇಡುತ್ತಿತ್ತು. 55 ಇದ್ದಾಗ ಒಂದರ ಸರದಿ ಮತ್ತೆ ಬರಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಒಂದೇ ಉಳಿದರೆ ಪ್ರತಿ ಸಲವೂ ಅದರದೇ ಸರದಿ. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ಕರಗಿದ ಹಾಗೆ. ನಿಶಿಕಾಡೊ ಇದನ್ನು ತಿದ್ದಲಿಲ್ಲ. ಆಟಕ್ಕೆ ಕಾವು ಬರುತ್ತದೆಂದು ಹಾಗೇ ಉಳಿಸಿಕೊಂಡರು.

ಈ ಆಟವನ್ನು ಬ್ರೌಸರ್‌ನಲ್ಲಿ ಆಡುವಂತೆ ಜಾವಾಸ್ಕ್ರಿಪ್ಟ್‌ನಲ್ಲಿ ನಾನೇ ಬರೆಯಲು ಕೂತೆ. ಒಂದು ತಿಂಗಳ ರಾತ್ರಿಗಳು ಹೋದವು. ಪರದೆ ಹೊಸದಾದಾಗಲೆಲ್ಲ ಒಂದು ಜೀವಿ ಒಂದು ಹೆಜ್ಜೆ, ಹಳೆಯ ಆಟದಂತೆಯೇ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯಿತು. ಆದರೆ ಸಹೋದ್ಯೋಗಿಗಳಿಗೆ ತೋರಿಸಿದ ದಿನ ಜೀವಿಗಳು ಹುಚ್ಚೆದ್ದು ಓಡಿದವು. ಎಲ್ಲರೂ ನಕ್ಕರು. ಅಲ್ಲಿದ್ದ ಮಾನಿಟರ್ ಸೆಕೆಂಡಿಗೆ 144 ಸಲ ಹೊಸದಾಗುವಂಥದ್ದು!

ಅಂದು ರಾತ್ರಿ ನೆನಪಾದದ್ದು ಈ ಶಾಲೆಯ ಒಂಬತ್ತನೇ ತರಗತಿ. ವಿಜ್ಞಾನದ ಮೇಷ್ಟ್ರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, "ಬಸ್ಸು ಎಷ್ಟು ದೂರ ಹೋಯ್ತು ಅಂತ ಹೇಳ್ತೀಯ, ಎಷ್ಟು ಹೊತ್ತಲ್ಲಿ ಹೋಯ್ತು ಅಂತ ಯಾರೋ ಹೇಳೋರು?" ಎಂದು ಗದರಿದ್ದರು. ಆಟದಲ್ಲೂ ಅದೇ ತಪ್ಪು. ಹೆಜ್ಜೆ ಎಣಿಸಿದ್ದೆ, ಹೊತ್ತು ಅಳೆದಿರಲಿಲ್ಲ. ಕಳೆದ ಸಮಯವನ್ನು ಕೂಡಿಡುತ್ತಾ, ಸೆಕೆಂಡಿನ 60ನೇ ಒಂದು ಭಾಗ ತುಂಬಿದಾಗಲೆಲ್ಲ ಒಂದು ಹೆಜ್ಜೆ ಇಡುವಂತೆ ತಿದ್ದಿದೆ. ಈಗ ಎರಡೂ ಪರದೆಗಳಲ್ಲಿ ಒಂದೇ ವೇಗ.

"ಹೇಗೆ ಹೊಳೆಯಿತು?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. "ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ಕಲಿತದ್ದು" ಎಂದೆ. ಹಾಗೆ ಹೇಳಲು ನನಗೆ ಅಷ್ಟು ವರ್ಷ ಬೇಕಾಯಿತು.

ಮಕ್ಕಳೆ, ಇಂಗ್ಲಿಷ್ ಬೇಕು, ಕಲಿಯಿರಿ. ನಾನೂ ಕಷ್ಟಪಟ್ಟೇ ಕಲಿತೆ. ಆದರೆ ಅರ್ಥವಾದ ಪಾಠ ಕನ್ನಡದಲ್ಲಿ ಅರ್ಥವಾಯಿತೆಂದು ನಾಚಬೇಡಿ. ಆಟವನ್ನು ಶಾಲೆಯ ಕಂಪ್ಯೂಟರ್‌ಗಳಿಗೆ ಹಾಕಿದ್ದೇನೆ, ಅದರ ಪ್ರೋಗ್ರಾಂ ಸಮೇತ. ಆಡಿ, ವೇಗ ಬದಲಿಸಿ ನೋಡಿ, ಕೆಡಿಸಿ, ಮತ್ತೆ ಸರಿಮಾಡಿ.

ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಅಂದು ಬೋರ್ಡಿನ ಮುಂದೆ ಉತ್ತರ ಹೇಳಲಿಲ್ಲ. ತಡವಾಯಿತು, ಕ್ಷಮಿಸಿ.