ಎರಡೂ ಭಾಷೆ ಕೇಳದೆ ತೀರ್ಪು ಬೇಡ

ಮಗುವಿಗೆ ನಾಲ್ಕು ತುಂಬಿತು, ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ ಎಂದು ಬಾಲವಾಡಿಯಿಂದ ದೂರು ಬರುತ್ತದೆ. ಪುಣೆಯಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಈ ದೂರಿನ ಬೆನ್ನಿಗೇ ಒಂದು ಸಲಹೆಯೂ ಬರುವುದುಂಟು: ಮನೆಯಲ್ಲಿ ಕನ್ನಡ ನಿಲ್ಲಿಸಿ, ಮರಾಠಿಯನ್ನೋ ಇಂಗ್ಲಿಷನ್ನೋ ಮಾತ್ರ ಆಡಿ, ಎರಡು ಭಾಷೆ ಸೇರಿ ಮಗುವಿಗೆ ಗೊಂದಲವಾಗಿದೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಸಲಹೆ ತಪ್ಪು. ಈ ಸಂಚಿಕೆಯಲ್ಲಿ ನನ್ನ ವಾದ ಇಷ್ಟು: ಮಗುವಿಗೆ ಭಾಷೆಯ ತೊಂದರೆ ಇದೆಯೋ ಇಲ್ಲವೋ ಎಂದು ಹೇಳಬೇಕಾದರೆ ಅದು ಆಡುವ ಎಲ್ಲ ಭಾಷೆಗಳನ್ನೂ ಕೇಳಬೇಕು. ಹಾಗೆ ಕೇಳಿ ಅಳೆಯುವ ಸಾಧನಗಳನ್ನು ಕಟ್ಟುವ ಕೆಲಸ ಪುಣೆಯ ಸ್ಪೀಚ್ ಥೆರಪಿ ವಿಭಾಗಗಳಲ್ಲಿ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಂದಲೇ ಶುರುವಾಗಬೇಕು.

ವಿದ್ಯಾರ್ಥಿಗಳ ಪ್ರಬಂಧಕ್ಕೆ ಅಷ್ಟು ಮಹತ್ವ ಯಾಕೆ ಅಂತ ಕೇಳಬಹುದು. ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದೇ ಬೋಧನೆ, ಚಿಕಿತ್ಸೆ, ಸಂಶೋಧನೆ ಮೂರೂ ಒಂದೇ ಸೂರಿನಡಿ ಇದ್ದ ಸಂಸ್ಥೆಗಳಲ್ಲಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಊರವರ ಬಾಯಲ್ಲಿ ಆಯಿಷ್, 1965ರಲ್ಲಿ ಶುರುವಾಯಿತು. ಮುಂಬೈಯಲ್ಲಿ ಅಲಿ ಯಾವರ್ ಜಂಗ್ ಹೆಸರಿನ ರಾಷ್ಟ್ರೀಯ ಸಂಸ್ಥೆ 1983ರಲ್ಲಿ ಬಂತು. ಪುಣೆಯಲ್ಲಿ ಭಾರತಿ ವಿದ್ಯಾಪೀಠ ಈ ವಿಷಯದಲ್ಲಿ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣ ಕೊಡುತ್ತಿದೆ. ಕನ್ನಡದ ಮಟ್ಟಿಗೆ ಹೇಳುವುದಾದರೆ, ಆಯಿಷ್‌ನ ಪತ್ರಿಕೆಯಲ್ಲಿ 1972ರಲ್ಲೇ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದು ಪ್ರಕಟವಾಯಿತು. ಪ್ರತಿಭಾ ಕಾರಂತರು ರೂಪಿಸಿದ ಭಾಷಾ ಪರೀಕ್ಷೆಗೆ 1990ರ ಹೊತ್ತಿಗೆ ಒಂದರಿಂದ ಐದನೇ ತರಗತಿವರೆಗಿನ ಮಕ್ಕಳ ಮಾನದಂಡ ಸಿದ್ಧವಾಯಿತು. ಮಾನದಂಡ ಅಂದರೆ, ಇಂಥ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಇಷ್ಟು ಮಾತಾಡುತ್ತಾರೆ ಎಂಬ ಲೆಕ್ಕ. ಆ ಲೆಕ್ಕ ಯಾವ ಮಕ್ಕಳದ್ದು, ಯಾವ ಊರಿನದ್ದು, ಯಾವ ಮನೆಮಾತಿನದ್ದು ಎಂಬುದರ ಮೇಲೆ ನಿಮ್ಮ ಮಗು ಹಿಂದಿದೆಯೋ ಸರಿಯಿದೆಯೋ ಎಂಬ ತೀರ್ಪು ನಿಂತಿರುತ್ತದೆ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮರಾಠಿಯಲ್ಲಿ "ನಾನು ಮಾವಿನಹಣ್ಣು ತಿಂದೆ" ಅನ್ನುವುದಕ್ಕೆ "ಮೀ ಆಂಬಾ ಖಾಲ್ಲಾ" ಅನ್ನುತ್ತಾರೆ. ಚಪಾತಿ ತಿಂದರೆ "ಮೀ ಪೋಳೀ ಖಾಲ್ಲೀ", ಬಾಳೆಹಣ್ಣಾದರೆ "ಮೀ ಕೇಳಂ ಖಾಲ್ಲಂ". ತಿಂದವರು ಒಬ್ಬರೇ, ಕ್ರಿಯಾಪದದ ಕೊನೆ ಮಾತ್ರ ತಿಂದ ವಸ್ತುವಿನ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಕನ್ನಡದಲ್ಲಿ ಹೀಗಿಲ್ಲ. ಏನು ತಿಂದರೂ "ತಿಂದೆ". ತಿಂದವರು ಬದಲಾದರೆ ಮಾತ್ರ "ತಿಂದ", "ತಿಂದಳು", "ತಿಂದರು". ಅದೂ ಅಲ್ಲದೆ ಕನ್ನಡದಲ್ಲಿ ಕುರ್ಚಿ, ಬಾಗಿಲು, ಪುಸ್ತಕ ಎಲ್ಲವೂ ನಪುಂಸಕ. ಮರಾಠಿಯಲ್ಲಿ ಕುರ್ಚಿ ಹೆಣ್ಣು, ದರವಾಜಾ ಗಂಡು, ಪುಸ್ತಕ ನಪುಂಸಕ. ಮನೆಯಲ್ಲಿ ಕನ್ನಡ ಕೇಳಿ ಬೆಳೆದು ಬಾಲವಾಡಿಗೆ ಹೋದಮೇಲೆ ಮರಾಠಿ ಕಲಿಯುತ್ತಿರುವ ಮಗು "ಮೀ ಪೋಳೀ ಖಾಲ್ಲಾ" ಅಂದರೆ ಅದಕ್ಕೆ ವ್ಯಾಕರಣ ಹಿಡಿಯುವ ಶಕ್ತಿಯೇ ಇಲ್ಲ ಅಂದಹಾಗಲ್ಲ. ಮೊದಲ ಭಾಷೆಯಲ್ಲಿ ಇಲ್ಲದ ಒಂದು ಕಟ್ಟನ್ನು ಅದು ಇನ್ನೂ ಕಲಿಯುತ್ತಿದೆ. ಆದರೆ ಮರಾಠಿ ಮನೆಮಾತಿನ ಮಕ್ಕಳ ಮಾನದಂಡ ಹಿಡಿದು ಅಳೆದರೆ ಆ ಮಗು ಹಿಂದುಳಿದ ಪಟ್ಟಿಗೆ ಸೇರುತ್ತದೆ.

ಹಾಗಾದರೆ ಕನ್ನಡದ ಪರೀಕ್ಷೆಯನ್ನೇ ತರಿಸಿಕೊಂಡರೆ ಸಾಲದೇ? ಸಾಲದು, ಯಾಕೆಂದರೆ ಪುಣೆಯ ಕನ್ನಡ ಮೈಸೂರಿನ ಕನ್ನಡವಲ್ಲ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಅವರ ದಟ್ಟ ನೆಲೆ ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರ ಜಿಲ್ಲೆಗಳು. ಅಕ್ಕಲಕೋಟೆ, ಜತ್ತ ಸುತ್ತಿನ ಹಳ್ಳಿಗಳು. ದುಡಿಮೆಗೆ ಪುಣೆಗೆ ಬಂದ ಎಷ್ಟೋ ಕುಟುಂಬಗಳ ಬೇರು ಅಲ್ಲೇ ಇದೆ. ಆ ಮನೆಗಳ ಮಗು "ಎಲೆ" ಚಿತ್ರ ನೋಡಿ "ಎಲಿ" ಅನ್ನುತ್ತದೆ, "ತಲೆ"ಗೆ "ತಲಿ" ಅನ್ನುತ್ತದೆ, "ಆಲೂಗಡ್ಡೆ"ಗೆ "ಬಟಾಟಿ" ಅನ್ನುತ್ತದೆ. ಹಳೆ ಮೈಸೂರಿನ ಉಚ್ಚಾರಣೆಯನ್ನೇ ಸರಿ ಎಂದು ಅಚ್ಚು ಹಾಕಿದ ಹಾಳೆಯಲ್ಲಿ ಇವೆಲ್ಲ ತಪ್ಪಿನ ಕಾಲಂಗೆ ಹೋಗುತ್ತವೆ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಮಾತನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನಾದ್ಯಂತ ಪಾಠವಾಗಿದೆ. ಕನ್ನಡ, ಮರಾಠಿ, ಉರ್ದು ಮೂರೂ ತಲೆಮಾರುಗಳಿಂದ ಒಟ್ಟಿಗೆ ಬಾಳಿದ ಆ ಊರಿನಲ್ಲಿ ಪದಗಳು ಬೇರೆಬೇರೆಯಾಗಿ ಉಳಿದರೂ ವಾಕ್ಯದ ಕಟ್ಟು ಒಂದೇ ಆಗುವಷ್ಟು ಹತ್ತಿರ ಬಂದಿತ್ತು. ಬೇರೆ ಕನ್ನಡದಲ್ಲಿ "ಈ ಮನೆ ನಿಮ್ಮದು" ಅಂದರೆ ವಾಕ್ಯ ಮುಗಿಯುತ್ತದೆ. ಅಲ್ಲಿ ಮರಾಠಿಯ ಹಾಗೆ ಕೊನೆಗೊಂದು "ಐತಿ" ಬೇಕು. ಅದು ಊರಿಡೀ ಆಡುವ ಕನ್ನಡ, ಯಾರ ದೋಷವೂ ಅಲ್ಲ.

ಇದನ್ನೆಲ್ಲ ತಿಳಿಯಲು ಪುಣೆ ದೂರ ಹುಡುಕಿಕೊಂಡು ಹೋಗಬೇಕಿಲ್ಲ. ವಿಲಿಯಂ ಬ್ರೈಟ್ ಬರೆದ ಆಡುಗನ್ನಡದ ವ್ಯಾಕರಣವನ್ನು 1958ರಲ್ಲಿ ಪ್ರಕಟಿಸಿದ್ದು ಇದೇ ಊರಿನ ಡೆಕ್ಕನ್ ಕಾಲೇಜು. ಡಿ.ಎನ್. ಶಂಕರ ಭಟ್ಟರು ಭಾಷಾವಿಜ್ಞಾನದ ಸಂಶೋಧನೆಯಲ್ಲಿ ತೊಡಗಿದ್ದೂ ಅಲ್ಲೇ. ಆಡುಮಾತನ್ನು ಆಡಿದಂತೆಯೇ ದಾಖಲಿಸಿ ವಿವರಿಸುವ ಪರಂಪರೆ ಈ ಊರಿನಲ್ಲಿ ಬೇರೂರಿದೆ. ಆ ಜ್ಞಾನ ಮತ್ತು ಥೆರಪಿ ಕೊಠಡಿಯಲ್ಲಿ ಮಗುವಿನ ಎದುರು ಕೂತ ವಿದ್ಯಾರ್ಥಿ, ಇವೆರಡರ ನಡುವೆ ಗಟ್ಟಿ ದಾರಿಯೊಂದು ಬೇಕಾಗಿದೆ.

ಪದಗಳ ಲೆಕ್ಕದಲ್ಲೂ ಇದೇ ಎಡವಟ್ಟು. ಕರಿಹಲಗೆಗೆ "ಫಳಾ", ಸೀಮೆಸುಣ್ಣಕ್ಕೆ "ಖಡೂ" ಎಂಬ ಮರಾಠಿ ಪದಗಳು ಮಗುವಿಗೆ ಗೊತ್ತು, ಅವುಗಳ ಕನ್ನಡ ಗೊತ್ತಿಲ್ಲ, ಯಾಕೆಂದರೆ ಆ ವಸ್ತುಗಳನ್ನು ಅದು ಕಂಡದ್ದೇ ಶಾಲೆಯಲ್ಲಿ. ಒಲಿ, ಬದನಿಕಾಯಿ, ಹಾಸಿಗಿ ಕನ್ನಡದಲ್ಲಿ ಗೊತ್ತು, ಮರಾಠಿಯಲ್ಲಿ ಗೊತ್ತಿಲ್ಲ, ಯಾಕೆಂದರೆ ಅವು ಮನೆಯವು. ಕನ್ನಡ ಒಂದರಲ್ಲೇ ಎಣಿಸಿದರೂ ಪದಸಂಪತ್ತು ಕಡಿಮೆ, ಮರಾಠಿ ಒಂದರಲ್ಲೇ ಎಣಿಸಿದರೂ ಕಡಿಮೆ. ಯಾವ ಭಾಷೆಯ ಪದವಾದರೂ ಸರಿ, ಮಗುವಿಗೆ ಗೊತ್ತಿರುವ ವಸ್ತು ಮತ್ತು ಕಲ್ಪನೆಗಳು ಎಷ್ಟು ಎಂದು ಕೂಡಿಸಿ ನೋಡಿದರೆ ನಿಜವಾದ ಅಂದಾಜು ಸಿಗುತ್ತದೆ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಆಡುವ ಅಮೆರಿಕದ ಶಿಶುಗಳ ಬಗ್ಗೆ 1993ರಲ್ಲಿ ಪಿಯರ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು ಇದನ್ನೇ.

ಹಾಗಾದರೆ ನಿಜವಾದ ತೊಂದರೆಯ ಗುರುತೇನು? ಭಾಷೆ ಕಲಿಯುವ ಶಕ್ತಿಯಲ್ಲೇ ತೊಡಕಿದ್ದರೆ ಅದು ಮಗುವಿನ ಎರಡೂ ಭಾಷೆಗಳಲ್ಲಿ ಕಾಣಬೇಕು. ಐದು ವರ್ಷವಾದರೂ "ಅಜ್ಜಿಗೆ ನೀರು ಕೊಟ್ಟೆ" ಅನ್ನಬೇಕಾದಲ್ಲಿ "ಅಜ್ಜಿ ನೀರು ಕೊಡು" ಎಂದೇ ಉಳಿದಿದ್ದರೆ, ಹುಟ್ಟಿನಿಂದ ಕೇಳಿದ ಕನ್ನಡದಲ್ಲೂ ಪ್ರತ್ಯಯಗಳು ಕೂಡಿಬರದಿದ್ದರೆ, ಅದನ್ನು ಗಂಭೀರವಾಗಿ ನೋಡಲೇಬೇಕು. ಕನ್ನಡದಲ್ಲಿ ಕತೆ ಕಟ್ಟಿ ಹೇಳುವ ಮಗು ಮರಾಠಿಯಲ್ಲಿ ಮಾತ್ರ ತಡವರಿಸಿದರೆ ಅದಕ್ಕೆ ಬೇಕಾದದ್ದು ಮರಾಠಿಯ ರೂಢಿ. ಇನ್ನು ಕನ್ನಡ ಬಿಡಿ ಎಂಬ ಸಲಹೆಗೆ ಬರೋಣ. ಭಾಷೆಯ ತೊಂದರೆಯಿದ್ದ ಫ್ರೆಂಚ್-ಇಂಗ್ಲಿಷ್ ದ್ವಿಭಾಷಿ ಮಕ್ಕಳನ್ನು ಕೆನಡಾದಲ್ಲಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು ಒಂದೇ ಭಾಷೆ ಆಡುವ, ಅದೇ ತೊಂದರೆಯಿದ್ದ ಮಕ್ಕಳ ಜೊತೆ ಹೋಲಿಸಿ 2003ರಲ್ಲಿ ವರದಿ ಮಾಡಿದರು. ಎರಡು ಭಾಷೆಯ ಮಕ್ಕಳು ವ್ಯಾಕರಣದಲ್ಲಿ ಹೆಚ್ಚು ಹಿಂದೆ ಬಿದ್ದಿರಲಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ 2005ರಲ್ಲಿ, ಆಟಿಸಂ ಇರುವ ಮಕ್ಕಳ ಬಗ್ಗೆ 2012ರಲ್ಲಿ ಅಲ್ಲಿಂದಲೇ ಬಂದ ಅಧ್ಯಯನಗಳಲ್ಲೂ ಎರಡನೇ ಭಾಷೆಯಿಂದ ಹಾನಿ ಕಂಡುಬರಲಿಲ್ಲ. ಈ ಅಧ್ಯಯನಗಳ ಮಕ್ಕಳ ಸಂಖ್ಯೆ ದೊಡ್ಡದಲ್ಲ, ಆದರೆ ಬೇರೆಬೇರೆ ತೊಂದರೆಗಳಲ್ಲಿ ಉತ್ತರ ಒಂದೇ ದಿಕ್ಕಿಗೆ ಬಂದಿದೆ. ಕನ್ನಡ ಬಿಟ್ಟರೆ ಆಗುವ ನಷ್ಟ ಮಾತ್ರ ಖಚಿತ: ತಾಯಿ ಸಲೀಸಾಗಿ ಆಡಲಾರದ ಭಾಷೆಯಲ್ಲಿ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ, ಅಜ್ಜ ಅಜ್ಜಿಯರ ಜೊತೆ ಮಾತು ಕಡಿದುಹೋಗುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳು ಸಣ್ಣವಲ್ಲ. ಮೊದಲನೆಯದು, ಪುಣೆಯ ಥೆರಪಿಸ್ಟ್‌ಗೆ ಕನ್ನಡ ಬರುವುದಿಲ್ಲ, ಬರದ ಭಾಷೆಯಲ್ಲಿ ಪರೀಕ್ಷೆ ಮಾಡುವುದು ಹೇಗೆ? ಎಲ್ಲ ಥೆರಪಿಸ್ಟ್‌ಗಳೂ ಕನ್ನಡ ಕಲಿಯಲಿ ಎಂದು ನಾನು ಕೇಳುತ್ತಿಲ್ಲ. ತಂದೆತಾಯಿಗಳನ್ನು ಕ್ರಮಬದ್ಧವಾಗಿ ಪ್ರಶ್ನಿಸಿ ಮಗುವಿನ ಮನೆಮಾತಿನ ಬೆಳವಣಿಗೆ ತಿಳಿಯುವ ಪ್ರಶ್ನಾವಳಿಗಳಿವೆ. ಮೊದಲ ಮಾತು ಯಾವಾಗ ಬಂತು, ಎರಡು ಪದ ಜೋಡಿಸಿದ್ದು ಯಾವಾಗ, ವಾರಗೆಯ ಮಕ್ಕಳಿಗೆ ಹೋಲಿಸಿದರೆ ಹೇಗೆ, ಮನೆತನದಲ್ಲಿ ಇನ್ನಾರಿಗಾದರೂ ಮಾತು ತಡವಾಗಿತ್ತೇ ಎಂಬಂಥವು. ಪರೀಕ್ಷಿಸಿ, ಸ್ವಲ್ಪ ಕಲಿಸಿ, ಮತ್ತೆ ಪರೀಕ್ಷಿಸುವ ವಿಧಾನವೂ ಇದೆ. ಅದು ಮಗುವಿಗೆ ಈಗ ಏನು ಗೊತ್ತು ಎಂಬುದಕ್ಕಿಂತ ಎಷ್ಟು ಬೇಗ ಹಿಡಿಯುತ್ತದೆ ಎಂಬುದನ್ನು ನೋಡುತ್ತದೆ. ಕನ್ನಡ ಬಲ್ಲ ಸಹಾಯಕರ ಜೊತೆ ಮಗುವಿನ ಮಾತನ್ನು ಧ್ವನಿಮುದ್ರಿಸಿ ವಿಶ್ಲೇಷಿಸಲೂಬಹುದು.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರ. ಎಲ್ಲವನ್ನೂ ಭಾಷೆಯ ವ್ಯತ್ಯಾಸ ಅಂದುಕೊಂಡು ಕೂತರೆ ನಿಜವಾಗಿ ಸಹಾಯ ಬೇಕಾದ ಮಗು ತಪ್ಪಿಹೋಗುವುದಿಲ್ಲವೇ? ಈ ಭಯಕ್ಕೆ ಆಧಾರವಿದೆ. ಇಂಗ್ಲೆಂಡಿನ ಸರ್ರೆಯಲ್ಲಿ ಶಾಲೆ ಸೇರಿದ ಮಕ್ಕಳ ಸಮೀಕ್ಷೆಯೊಂದು 2016ರಲ್ಲಿ ಬಂತು. ಬೇರೆ ಕಾಯಿಲೆಯ ಕಾರಣವಿಲ್ಲದ ಭಾಷಾ ತೊಂದರೆ ಶೇ. 7ಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಂಡುಬಂದಿತ್ತು. ಕನ್ನಡದ ಮಕ್ಕಳಲ್ಲಿ ಈ ತೊಂದರೆ ಇರುವುದೇ ಇಲ್ಲ ಎಂದುಕೊಳ್ಳಲು ಯಾವ ಕಾರಣವೂ ಇಲ್ಲ. ಅದಕ್ಕೇ ನನ್ನ ವಾದ ಕಾಯುವುದರ ಪರವಾಗಿಲ್ಲ. ಮಾತು ತಡವಾಯಿತು ಅನ್ನಿಸಿದ ಕೂಡಲೇ ಮೊದಲು ಕಿವಿ ಪರೀಕ್ಷೆ ಆಗಬೇಕು, ಆಮೇಲೆ ಎರಡೂ ಭಾಷೆಗಳ ಪರಿಶೀಲನೆ. ಮರಾಠಿ ಒಂದನ್ನೇ ನೋಡುವವರು ಎರಡು ರೀತಿ ತಪ್ಪಬಹುದು: ತೊಂದರೆ ಇಲ್ಲದ ಮಗುವಿಗೆ ಹಣೆಪಟ್ಟಿ ಹಚ್ಚಬಹುದು, ತೊಂದರೆ ಇರುವ ಮಗುವನ್ನು "ಹೊಸ ಭಾಷೆ, ತಾನಾಗಿ ಸರಿಹೋಗುತ್ತದೆ" ಎಂದು ವಾಪಸ್ ಕಳಿಸಬಹುದು. ಎರಡೂ ತಪ್ಪಿಗೆ ಮದ್ದು ಮನೆಮಾತನ್ನು ಕೇಳುವುದೇ.

ಮೂರನೆಯದು ವಿದ್ಯಾರ್ಥಿಗಳ ಕಡೆಯ ಆಕ್ಷೇಪಣೆ. ಎರಡು ವರ್ಷದ ಕೋರ್ಸಿನಲ್ಲಿ ಪ್ರಬಂಧಕ್ಕೆ ಸಿಗುವ ತಿಂಗಳುಗಳಲ್ಲಿ ಮಾನದಂಡ ಕಟ್ಟಲಾಗುತ್ತದೆಯೇ? ಒಬ್ಬರಿಂದ ಆಗದು. ಆದರೆ ಪ್ರತಿವರ್ಷ ಒಬ್ಬೊಬ್ಬರು ಹೊಸ ವಿಷಯ, ಹೊಸ ಚಿತ್ರಗಳು, ಹೊಸ ವಿಧಾನ ಹಿಡಿದು, ಮುಗಿಸಿ, ಗ್ರಂಥಾಲಯದ ಕಪಾಟಿಗೆ ಸೇರಿಸುವ ಬದಲು ವಿಭಾಗವೇ ಒಂದು ವಿಧಾನ ಗೊತ್ತುಮಾಡಲಿ. ಅದೇ ಚಿತ್ರಗಳು, ಅದೇ ಕತೆ, ಅದೇ ಪ್ರಶ್ನಾವಳಿ. ವರ್ಷಕ್ಕೆ 30 ಮಕ್ಕಳ ಮಾತು ಸೇರಿದರೂ ಹತ್ತು ವರ್ಷಕ್ಕೆ 300 ಆಗುತ್ತದೆ. ಪುಣೆಯ ಕನ್ನಡ ಒಂದೇ ಬಗೆಯದಲ್ಲ, ಮಂಗಳೂರಿನವರಿದ್ದಾರೆ, ಧಾರವಾಡದವರಿದ್ದಾರೆ, ವಿಜಯಪುರದವರಿದ್ದಾರೆ ಎಂಬ ಮಾತೂ ನಿಜವೇ. ಪ್ರತಿ ಮಗುವಿನ ಮನೆಮಾತು, ತಂದೆತಾಯಿಯ ಊರು, ದಿನಕ್ಕೆ ಯಾವ ಭಾಷೆ ಎಷ್ಟು ಕಿವಿಗೆ ಬೀಳುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟರೆ ಆ ವೈವಿಧ್ಯವೂ ಲೆಕ್ಕಕ್ಕೆ ಸಿಗುತ್ತದೆ. ಮಕ್ಕಳನ್ನು ತಲುಪಲು ಪುಣೆಯ ಕನ್ನಡ ಸಂಘವಿದೆ, ಅದು ನಡೆಸುವ ಶಾಲೆಗಳಿವೆ. ಮೈಸೂರಿನ ಆಯಿಷ್‌ನ ಅನುಭವದ ನೆರವು ಕೇಳಬಹುದು, ಡೆಕ್ಕನ್ ಕಾಲೇಜಿನ ಭಾಷಾವಿಜ್ಞಾನಿಗಳನ್ನು ಜೊತೆಗೆ ಸೇರಿಸಿಕೊಳ್ಳಬಹುದು.

ಕೊನೆಯದಾಗಿ, ಇದನ್ನು ಕೇಳುತ್ತಿರುವ ಪುಣೆಯ ಕನ್ನಡ ತಂದೆತಾಯಿಗಳಿಗೆ. ಥೆರಪಿಗೆ ಹೋಗಲು ಹಿಂಜರಿಯಬೇಡಿ, ತಡಮಾಡಲೂ ಬೇಡಿ. ಹೋಗುವಾಗ ಮಗು ಮನೆಯಲ್ಲಿ ಕನ್ನಡದಲ್ಲಿ ಆಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಊಟ ಮಾಡುವಾಗಿನದು, ಆಟ ಆಡುವಾಗಿನದು, ಕತೆ ಹೇಳುವಾಗಿನದು ಯಾವುದಾದರೂ ಸರಿ. ನಮ್ಮ ಮಗುವಿನ ಕನ್ನಡವನ್ನೂ ನೋಡಿದಿರಾ ಎಂದು ಕೇಳಿ, ಅದು ನಿಮ್ಮ ಹಕ್ಕು. ಕನ್ನಡ ನಿಲ್ಲಿಸಿ ಅಂದರೆ, ಯಾವ ಆಧಾರದ ಮೇಲೆ ಎಂದು ವಿನಯದಿಂದಲೇ ಕೇಳಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೂ ಒಂದು ಮಾತು: ಪುಣೆಯ ಕನ್ನಡ-ಮರಾಠಿ ಮಗು ನಾಲ್ಕನೇ ವಯಸ್ಸಿಗೆ ಎರಡೂ ಭಾಷೆಗಳಲ್ಲಿ ಏನೇನು ಹೇಳಬಲ್ಲದು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಿ. ಅದಕ್ಕೆ ನೀವು ಹುಡುಕುವ ಉತ್ತರ ಮುಂದಿನ ಎಷ್ಟೋ ಮಕ್ಕಳ ಪರೀಕ್ಷೆಯ ಹಾಳೆಯನ್ನು ನ್ಯಾಯವಾಗಿಸುತ್ತದೆ.