ವಾರಂಟಿಗೆ ದೇಶವೆಲ್ಲ, ಜಾಮೀನಿಗೆ ಜಿಲ್ಲೆ



ಪರರಾಜ್ಯದ ಕೋರ್ಟು ಹೊರಡಿಸಿ, ಜಾರಿಯಾಗದೆ ಉಳಿದ ಬಂಧನ ವಾರಂಟು ನಮ್ಮೂರಿನವನೊಬ್ಬನನ್ನು ಏನು ಮಾಡುತ್ತದೆ ಎಂಬಷ್ಟನ್ನೇ ಇವತ್ತು ಹೇಳುತ್ತೇನೆ.

ದಾವಣಗೆರೆಯವನೊಬ್ಬ ಸಾಲ ಮಾಡಿ ಲಾರಿ ಕೊಂಡ ಎನ್ನಿ. ಕಂತು ತಪ್ಪಿ, ಸಹಿ ಹಾಕಿ ಕೊಟ್ಟಿದ್ದ ಚೆಕ್ಕು ಬೌನ್ಸ್ ಆಯಿತು. ಆಳು, ಲಾರಿ, ಅವನ ಬ್ಯಾಂಕು ಎಲ್ಲ ದಾವಣಗೆರೆಯವೇ. ಆದರೆ ಸಾಲ ಕೊಟ್ಟ ಕಂಪನಿಯ ಖಾತೆ ಚೆನ್ನೈಯಲ್ಲಿದೆ, ಕೇಸೂ ಅಲ್ಲೇ. ಚೆಕ್ಕು ಬರೆದವನ ಬ್ಯಾಂಕು ಎಲ್ಲಿದೆಯೋ ಅಲ್ಲೇ ದೂರು ಹೂಡಬೇಕು ಎಂದು ಸುಪ್ರೀಂ ಕೋರ್ಟು 2014ರ ಆಗಸ್ಟ್‌ನಲ್ಲಿ ಹೇಳಿತ್ತು. ಮರುವರ್ಷವೇ ಕಾಯ್ದೆಗೆ ತಿದ್ದುಪಡಿ ಬಂದು, ಹಣ ಪಡೆಯಬೇಕಾದವನ ಖಾತೆಯಿರುವ ಊರಿಗೆ ಕೇಸು ತಿರುಗಿತು. ಸಾಲಗಾರನ ಪರವಾಗಿ ದೆಹಲಿಗೆ ಹೋಗಿ ಕೂರುವವರು ಯಾರಿದ್ದಾರೆ ಹೇಳಿ!

ಅಷ್ಟರಲ್ಲಿ ಅವನು ಬಾಡಿಗೆ ಮನೆ ಬದಲಿಸಿರುತ್ತಾನೆ. ಸಮನ್ಸು ಹಳೇ ವಿಳಾಸಕ್ಕೆ ಹೋಗಿ, ಷರಾ ಬರೆಸಿಕೊಂಡು ವಾಪಸಾಗುತ್ತದೆ. ಮೊದಲು ಸಮನ್ಸು, ಆಮೇಲೆ ಜಾಮೀನು ಸಹಿತ ವಾರಂಟು, ಕೊನೆಗೆ ಜಾಮೀನು ರಹಿತ ವಾರಂಟು ಎಂಬ ಕ್ರಮವನ್ನು ಸುಪ್ರೀಂ ಕೋರ್ಟು 2007ರಲ್ಲೇ ತಿಳಿಸಿದೆ. ಆ ಕ್ರಮ ಪಾಲಿಸಿಯೂ ಏನು ಬಂತು? ಮೂರೂ ಹೋಗುವುದು ಅದೇ ಹಳೇ ಮನೆಗೆ. 2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳ ಪೈಕಿ 35 ಲಕ್ಷಕ್ಕೂ ಹೆಚ್ಚು ಚೆಕ್ ಕೇಸುಗಳು. ಒಬ್ಬೊಬ್ಬನ ವಿಳಾಸ ಹುಡುಕುವ ವ್ಯವಧಾನ ಯಾವ ಕೋರ್ಟಿಗಿದೆ?

ವಾರಂಟಿಗೆ ಮುಪ್ಪಿಲ್ಲ. ಕೊಟ್ಟ ಕೋರ್ಟು ರದ್ದು ಮಾಡುವವರೆಗೆ, ಇಲ್ಲವೇ ಜಾರಿಯಾಗುವವರೆಗೆ ಅದು ಊರ್ಜಿತ. ಭಾರತದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು. ನಮ್ಮ ಲಾರಿ ಮಾಲೀಕನಿಗೆ ಸುದ್ದಿ ತಿಳಿಯುವುದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಇರಬಹುದು, ಏಕೆಂದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಬಂಧನ ವಾರಂಟು ಅದರ ನಿರಾಕರಣೆಗೆ ಒಂದು ಕಾರಣ. ಅಥವಾ ನೇರವಾಗಿ ತಮಿಳುನಾಡಿನ ಪೊಲೀಸರೇ ಬಾಗಿಲು ತಟ್ಟಬಹುದು.

ಇಲ್ಲಿ ಕಾನೂನು ಬಹಳ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 82ನೇ ಕಲಮಿನ ಪ್ರಕಾರ, ವಾರಂಟು ಕೊಟ್ಟ ಕೋರ್ಟು 30 ಕಿಲೋಮೀಟರ್ ಒಳಗಿಲ್ಲದಿದ್ದರೆ ಸಾಮಾನ್ಯವಾಗಿ ಬಂಧಿತನನ್ನು ಸ್ಥಳೀಯ ಮ್ಯಾಜಿಸ್ಟ್ರೇಟರ ಅಥವಾ ಪೊಲೀಸ್ ವರಿಷ್ಠರ ಮುಂದೆ ಹಾಜರುಪಡಿಸಬೇಕು. 83ನೆಯದು ಇನ್ನೂ ಮುಂದೆ ಹೋಗುತ್ತದೆ: ಅಪರಾಧ ಜಾಮೀನಿಗೆ ಅರ್ಹವಾಗಿದ್ದು ಆರೋಪಿ ತಕ್ಕ ಜಾಮೀನು ಕೊಡಲು ಸಿದ್ಧನಿದ್ದರೆ, ಇಲ್ಲೇ ಪಡೆದು, ಮುಚ್ಚಳಿಕೆಯನ್ನು ಆ ಕೋರ್ಟಿಗೆ ಕಳಿಸಬೇಕು. ಚೆಕ್ ಬೌನ್ಸ್ ಅಂಥ ಅಪರಾಧವೇ. ಹಳೆಯ ಸಂಹಿತೆಯಲ್ಲೂ ಇದೇ ಮಾತು 81ನೇ ಕಲಮಿನಲ್ಲಿತ್ತು. ಆದರೂ ಆರೋಪಿಯನ್ನು ರಾತ್ರಿ ರೈಲು ಹತ್ತಿಸಿಬಿಡುವುದುಂಟು. ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ತರಲು ಸಂವಿಧಾನ ಕೊಟ್ಟ 24 ಗಂಟೆಯ ಲೆಕ್ಕಕ್ಕೆ ಪ್ರಯಾಣದ ಹೊತ್ತು ಸೇರುವುದೂ ಇಲ್ಲ.

ಅಲ್ಲಿಗೆ ಹೋದಮೇಲೆ ಸ್ಥಳೀಯ ಜಾಮೀನುದಾರನನ್ನು ಕೇಳುತ್ತಾರೆ. ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನ ಒಡಹುಟ್ಟಿದವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಜಾಮೀನು ಒಪ್ಪಿರಲಿಲ್ಲ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಕನ್ನಡಿಗನೊಬ್ಬ ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಯನ್ನೂ ಆ ತೀರ್ಪಿನಲ್ಲೇ ಎತ್ತಿದ್ದಾರೆ. ಕೆಳ ಕೋರ್ಟುಗಳು ಆ ತೀರ್ಪನ್ನು ಗೌರವದಿಂದ ನೆನೆಯುತ್ತವೆ, ಜಾಮೀನುದಾರನನ್ನು ಮಾತ್ರ ಸ್ಥಳೀಯನನ್ನೇ ಕೇಳುತ್ತವೆ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ. ನಾಳೆ ವಕೀಲರಾದಾಗ, ಹೊರರಾಜ್ಯದ ಪೊಲೀಸರು ಬಂದಿದ್ದಾರೆಂದು ಯಾರಾದರೂ ಗಾಬರಿಯಿಂದ ಫೋನ್ ಮಾಡಿದರೆ, ಬೆಳಗಾಗಲೆಂದು ಕಾಯಬೇಡಿ. ಸಂಹಿತೆ ಹಿಡಿದು ಠಾಣೆಗೆ ಹೋಗಿ. ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದೆ ಕರೆದೊಯ್ಯಲು ಬಿಡಬೇಡಿ; ಅವರೆದುರು 83ನೇ ಕಲಮನ್ನು ಗಟ್ಟಿಯಾಗಿ ಓದಿ.