ಕಡಲಿನಲ್ಲಿ ತೇಲಿದ್ದು ಎಲ್ಲಿಗೆ ಹೋಗುತ್ತದೆ?

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಪಾಠ ಮಾಡುವುದು ಉರ್ದು ಮತ್ತು ಕನ್ನಡ. ವಿಜ್ಞಾನದ ವಿಷಯಕ್ಕೆ ಇವರನ್ನೇಕೆ ಕರೆದರು ಎಂದು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಈಗಲೂ ಯೋಚಿಸುತ್ತಿರಬಹುದು. ಆದರೆ ಕಡಲ ಪಕ್ಕದ ಊರಿನಲ್ಲಿ ಮೀನುಗಾರರ ಮಕ್ಕಳಿಗೆ ಪಾಠ ಹೇಳುವವನು ಈ ವಿಷಯದಿಂದ ತಪ್ಪಿಸಿಕೊಳ್ಳುವುದು ಕಷ್ಟ.

2025ರ ಮೇ 25ರಂದು ಕೊಚ್ಚಿಯ ಹತ್ತಿರದ ಕಡಲಿನಲ್ಲಿ ಎಂ.ಎಸ್.ಸಿ. ಎಲ್ಸಾ-3 ಎಂಬ ಸರಕು ಹಡಗು ಮುಳುಗಿತು. ಹಡಗಿನಲ್ಲಿದ್ದ 24 ಮಂದಿಯೂ ಪಾರಾದರು. ಆದರೆ ಅದರಲ್ಲಿ 640 ಕಂಟೇನರ್‌ಗಳಿದ್ದವು, 360 ಟನ್ನಿಗೂ ಹೆಚ್ಚು ಫರ್ನೇಸ್ ಆಯಿಲ್ ಇತ್ತು. ಒಡೆದ ಕಂಟೇನರ್‌ಗಳಿಂದ ಸಾಬೂದಾನದಂತಹ ಪ್ಲಾಸ್ಟಿಕ್ ಕಾಳುಗಳು ನೀರಿಗೆ ಚೆಲ್ಲಿದವು. ನಮ್ಮ ತೀರಕ್ಕೂ ಬಂದೀತೇ ಎಂದು ನಮ್ಮೂರಿನಲ್ಲಿ ಎಲ್ಲರೂ ಕೇಳುತ್ತಿದ್ದರು. ಕಾಳುಗಳು ತಿರುವನಂತಪುರದ ಕಡೆಗೆ, ಅಲ್ಲಿಂದ ಕನ್ಯಾಕುಮಾರಿಯ ಕಡೆಗೆ ಹೋದವು. ಅಂದರೆ ದಕ್ಷಿಣಕ್ಕೆ.

ಕಾರಣ ಇಷ್ಟೆ: ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ನೀರಿನ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಅದೇ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತದೆ. ಅದೇ ಹಡಗು ಡಿಸೆಂಬರಿನಲ್ಲಿ ಮುಳುಗಿದ್ದರೆ ಆ ಕಾಳುಗಳು ನಮ್ಮ ದಿಕ್ಕಿಗೆ ಬರುವ ಸಾಧ್ಯತೆಯೇ ಹೆಚ್ಚಾಗಿತ್ತು. ಇಲ್ಲಿ ಭಾಷೆಯ ಮೇಷ್ಟ್ರಾಗಿ ಒಂದು ಮಾತು ಸೇರಿಸುತ್ತೇನೆ. ನಾವು ಉರ್ದುವಿನಲ್ಲಿ ಮೌಸಮ್ ಎನ್ನುತ್ತೇವಲ್ಲ, ಅದರ ಮೂಲ ಅರಬ್ಬಿಯ ಮೌಸಿಮ್, ಅಂದರೆ ಋತು. ಮಾನ್ಸೂನ್ ಎಂಬ ಪದವೂ ಪೋರ್ಚುಗೀಸರ ಬಾಯಿಂದ ಹಾದು ಅದರಿಂದಲೇ ಬಂದಿದೆ. ಗಾಳಿ ಯಾವ ತಿಂಗಳು ಯಾವ ಕಡೆ ತಿರುಗುತ್ತದೆ ಎಂದು ತಿಳಿದು ಹಾಯಿ ಬಿಚ್ಚುತ್ತಿದ್ದ ಅರಬ್ ನಾವಿಕರಿಗೆ ಆ ಪದ ಒಂದು ಲೆಕ್ಕವೇ ಆಗಿತ್ತು.

ಈಗ ಆ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಹೈದರಾಬಾದಿನಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವಿದೆ. ಇನ್‌ಕಾಯಿಸ್ ಎಂದು ಕರೆಯುತ್ತಾರೆ. ಎಣ್ಣೆ ಚೆಲ್ಲಿದರೆ ಅದು ಯಾವ ತೀರ ಮುಟ್ಟಬಹುದು ಎಂದು ಮುಂಚಿತವಾಗಿ ತಿಳಿಸುವುದು ಅವರ ಕೆಲಸಗಳಲ್ಲಿ ಒಂದು. ಎಲ್ಸಾ-3 ಮುಳುಗಿದಾಗಲೂ ಅವರು ಇದನ್ನು ಮಾಡಿದರು.

ಇದು ಹೇಗೆ ಎಂದು ತಿಳಿಸಲು ನಮ್ಮ ಶಾಲೆಯ ಮೈದಾನದಲ್ಲಿ ಒಂದು ಆಟ ಆಡಿಸಿದೆ. ಸುಣ್ಣದ ಪುಡಿಯಿಂದ ಚೌಕಗಳನ್ನು ಎಳೆದೆವು. ಎಂಟನೇ ತರಗತಿಯ 30 ಮಕ್ಕಳು ಒಂದೇ ಚೌಕದಲ್ಲಿ ಒತ್ತಿಕೊಂಡು ನಿಂತರು. ನಾನು ಸೀಟಿ ಊದಿದರೆ ಒಂದು ಗಂಟೆ ಕಳೆದಂತೆ. ಪ್ರತಿ ಸೀಟಿಗೆ ಎಲ್ಲರೂ ಎರಡು ಹೆಜ್ಜೆ ದಕ್ಷಿಣಕ್ಕೆ ಇಡಬೇಕು, ಅದು ಪ್ರವಾಹ. ಒಂದು ಹೆಜ್ಜೆ ಪೂರ್ವಕ್ಕೆ, ಅದು ಪಡುಗಾಳಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ನಾಣ್ಯ ಚಿಮ್ಮಬೇಕು. ಒಂದು ಮುಖ ಬಿದ್ದರೆ ಎಡಕ್ಕೆ ಹೆಜ್ಜೆ, ಇನ್ನೊಂದು ಬಿದ್ದರೆ ಬಲಕ್ಕೆ. ಅದು ಯಾವ ನಕ್ಷೆಗೂ ಸಿಗದ ಸಣ್ಣ ಸಣ್ಣ ಸುಳಿಗಳು. ಹತ್ತು ಸೀಟಿ ಮುಗಿಯುವಾಗ ಒಂದೇ ಕಡೆ ಇದ್ದವರು ಮೈದಾನದ ತುಂಬ ಚದುರಿದ್ದರು. ಆದರೂ ನಡುವೆ ಒಂದು ಗುಂಪು ದಟ್ಟವಾಗಿತ್ತು. ಕಂಪ್ಯೂಟರ್ ಮಾಡುವುದೂ ಇದನ್ನೇ. ಮಕ್ಕಳ ಬದಲು ಸಾವಿರಾರು ಕಲ್ಪನೆಯ ಕಣಗಳನ್ನು ಬಿಡುತ್ತದೆ. ವಸ್ತು ಇಲ್ಲೇ ಇದೆ ಎಂದು ಅದು ಬೆರಳಿಟ್ಟು ತೋರಿಸುವುದಿಲ್ಲ, ಕಣಗಳು ದಟ್ಟವಾಗಿರುವ ಕಡೆ ಮೊದಲು ಹುಡುಕಿ ಎನ್ನುತ್ತದೆ.

ಅಂಕಿಗಳನ್ನು ನೋಡಿ. ಪ್ರವಾಹ ಸೆಕೆಂಡಿಗೆ ಕೇವಲ 25 ಸೆಂಟಿಮೀಟರ್ ಇದ್ದರೂ ಒಂದು ದಿನಕ್ಕೆ 21 ಕಿಲೋಮೀಟರ್ ದಾಟುತ್ತದೆ. ತೇಲುವ ಎಣ್ಣೆಯನ್ನು ಗಾಳಿಯು ತನ್ನ ವೇಗದ ಸುಮಾರು ಶೇ. 3ರಷ್ಟು ವೇಗದಲ್ಲಿ ತಳ್ಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಎಣ್ಣೆಗೆ ಒಂದು ಲೆಕ್ಕವಾದರೆ ಮರದ ದಿಮ್ಮಿಗೆ ಬೇರೆ, ಮಗುಚಿದ ದೋಣಿಗೆ ಇನ್ನೂ ಬೇರೆ.

ಆಕಾರ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. 2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾದ ಎಂ.ಎಚ್. 370 ವಿಮಾನದ ರೆಕ್ಕೆಯ ಒಂದು ಭಾಗ, ಫ್ಲಾಪೆರಾನ್, 2015ರ ಜುಲೈನಲ್ಲಿ ಹಿಂದೂ ಮಹಾಸಾಗರದ ಇನ್ನೊಂದು ಕೊನೆಯ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿತು. ಅದು ಎಲ್ಲಿಂದ ತೇಲಿ ಬಂದಿರಬೇಕು ಎಂದು ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ವಿಜ್ಞಾನಿಗಳು ಹಿಂದಕ್ಕೆ ಲೆಕ್ಕ ಹಾಕಿದರು. ಮೊದಲು ಅದರ ಮಾದರಿಗಳನ್ನು ಮಾಡಿ ಕಡಲಿನಲ್ಲಿ ತೇಲಿಸಿದರು. ಆಮೇಲೆ ಅದೇ ಬಗೆಯ ವಿಮಾನದ ನಿಜವಾದ ಫ್ಲಾಪೆರಾನ್ ತಂದು, ಸಿಕ್ಕಿದ ತುಂಡಿನಂತೆಯೇ ಕತ್ತರಿಸಿ ತೇಲಿಸಿದರು. ಅದು ಮಾದರಿಗಳಿಗಿಂತ ವೇಗವಾಗಿ, ಗಾಳಿಯ ದಿಕ್ಕಿನಿಂದ ಸುಮಾರು 20 ಡಿಗ್ರಿ ಎಡಕ್ಕೆ ಸರಿಯುತ್ತಾ ಹೋಯಿತು! 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2018ರ ಶೋಧದಲ್ಲಿಯೂ ವಿಮಾನ ಸಿಗಲಿಲ್ಲ ಎಂಬುದು ಬೇರೆ ಮಾತು.

ನಮ್ಮ ಮೀನುಗಾರರಿಗೆ ಹತ್ತಿರವಾದದ್ದು ಇನ್‌ಕಾಯಿಸ್ 2016ರಲ್ಲಿ ಆರಂಭಿಸಿದ ಸರಾಟ್ ಎಂಬ ವ್ಯವಸ್ಥೆ. ಕಡಲಿನಲ್ಲಿ ಕಾಣೆಯಾದವರನ್ನು ಎಲ್ಲಿ ಹುಡುಕಬೇಕೆಂದು ಅದು ತಿಳಿಸುತ್ತದೆ. ಸುಮಾರು 60 ಬಗೆಯ ವಸ್ತುಗಳ ತೇಲುವ ಗುಣ ಅದರಲ್ಲಿದೆ. ಕಾಣೆಯಾದದ್ದು ಯಾವ ಬಗೆಯದು, ಕೊನೆಗೆ ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಎಂದು ಮೊದಲು ಹೇಳಬೇಕು.

ಮೈದಾನದ ಆಟ ಮುಗಿದ ಮೇಲೆ ಒಬ್ಬ ಹುಡುಗ ಚೌಕ ಬಿಟ್ಟು ಕದಲದೆ ನಿಂತಿದ್ದ. "ಸರ್, ನಾವು ಮೊದಲು ನಿಂತ ಜಾಗವೇ ತಪ್ಪಾಗಿದ್ದರೆ?" ಎಂದು ಕೇಳಿದ. ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅವನ ಅಬ್ಬಾ ಹೋಗಿದ್ದ ದೋಣಿಯ ಇಂಜಿನ್ ಕೆಟ್ಟಿತ್ತು. ಬೆಳಿಗ್ಗೆ ಬಂದುಬಿಡುತ್ತಾರೆ ಎಂದು ಮನೆಯವರು ಒಂದು ರಾತ್ರಿಯಿಡೀ ಯಾರಿಗೂ ತಿಳಿಸಲಿಲ್ಲ. ತಿಳಿಸುವಾಗಲೂ ಹೊರಟ ಹೊತ್ತನ್ನು ಒಬ್ಬರು ಅಸರ್ ಎಂದರು, ಇನ್ನೊಬ್ಬರು ಮಗ್ರಿಬ್ ಎಂದರು. ಹೋದ ದಿಕ್ಕು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹುಡುಕಿದ ಕಡೆ ಅವರು ಇರಲಿಲ್ಲ. ಎರಡನೆಯ ದಿನ ಬೇರೆ ಊರಿನ ಬೋಟಿನವರ ಕಣ್ಣಿಗೆ ಬಿದ್ದರು, ಜೀವ ಉಳಿಯಿತು.

ಹುಡುಗನಿಗೆ ಏನು ಹೇಳಲಿ? ಜಾಗ ತಪ್ಪಾದರೆ ಎಲ್ಲ ಮಕ್ಕಳೂ ತಪ್ಪು ಮೈದಾನದಲ್ಲಿ ನಡೆದಂತೆ ಎಂದೆ. ತಡವಾದಷ್ಟೂ ಸೀಟಿಗಳು ಹೆಚ್ಚು, ಚದುರುವುದೂ ಹೆಚ್ಚು ಎಂದೆ. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554 ಎಂಬುದನ್ನು ಎಲ್ಲರಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪೆನ್ಸಿಲಿನಿಂದ ಏನೋ ಗೀಚಿತ್ತು. ಹತ್ತಿರ ಹೋಗಿ ನೋಡಿದೆ. ಅಬ್ಬಾ ಹೊರಟ ಹೊತ್ತು, ಹೋದ ದಿಕ್ಕು, ಜೊತೆಗೆ ಹೋದವರ ಹೆಸರು.